ತೆರೆದ ಗಾಡಿಗೆ ಬಟ್ಟೆಯ ಚಾವಣಿ: ಅಳತೆ ನಿಮ್ಮದು, ಹೊಲಿಗೆ ಮೂಡಲಪಾಳ್ಯದ್ದು

ಬಟ್ಟೆಯ ಚಾವಣಿ ಹೊತ್ತು ಓಡುವ ಗಾಡಿ ಯಾವುದು ಎಂದು ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಸಿನಿಮಾದಲ್ಲಿ ಕಂಡ ದುಬಾರಿ ಕನ್ವರ್ಟಿಬಲ್ ಕಾರು. ಉತ್ತರಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಮೂಡಲಪಾಳ್ಯ ಸರ್ಕಲ್‌ನಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ನಿಂತರೆ ಸಾಕು. ವಿಜಯನಗರದ ಕಡೆಯಿಂದ, ನಾಗರಬಾವಿಯ ಕಡೆಯಿಂದ ಬರುವ ಆಟೋಗಳೆಲ್ಲ ತಲೆಯ ಮೇಲೆ ಹಳದಿ ಟಾಪು ಹೊತ್ತೇ ಬರುತ್ತವೆ. ಬಹುಪಾಲು ಆಟೋಗಳಲ್ಲಿ ಅದು ತಗಡಲ್ಲ. ಕಬ್ಬಿಣದ ಪೈಪಿನ ಕಮಾನುಗಳ ಮೇಲೆ ಎಳೆದು ಬಿಗಿದ ರೆಕ್ಸಿನ್. ಏಪ್ರಿಲ್ ಬಿಸಿಲಿಗೆ ಕಾದು, ಸೆಪ್ಟೆಂಬರ್ ಮಳೆಗೆ ನೆನೆದು, ಪಶ್ಚಿಮ ಬೆಂಗಳೂರಿನ ಗುಂಡಿಗಳಲ್ಲಿ ದಿನವಿಡೀ ಕುಲುಕಿದರೂ ಅದು ಸೋರದೆ ನಿಲ್ಲುತ್ತದೆ. ಅದರಡಿಯಲ್ಲಿ ಕೂತು ಹೋಗುವ ನಾವು ಮೀಟರ್ ನೋಡುತ್ತೇವೆ, ಹಿಂಭಾಗದಲ್ಲಿ ಅಂಟಿಸಿದ ಶಂಕರ್‌ನಾಗ್ ಚಿತ್ರ ನೋಡುತ್ತೇವೆ, ಟಾಪನ್ನು ಮಾತ್ರ ನೋಡುವುದಿಲ್ಲ.

ಮನೆಯಂಗಳದಲ್ಲಿ ಹಳೆಯ ಜೀಪು, ಜಿಪ್ಸಿ ಅಥವಾ ತಾವೇ ಜೋಡಿಸಿದ ತೆರೆದ ಕಾರು ಇಟ್ಟುಕೊಂಡು ಅದಕ್ಕೊಂದು ಬಟ್ಟೆಯ ಹೊದಿಕೆ ಮಾಡಿಕೊಳ್ಳಬೇಕು ಎನ್ನುವವರು ಮೊದಲು ನೋಡಬೇಕಾದದ್ದು ಆಟೋದ ಈ ಟಾಪನ್ನೇ. ಚಾವಣಿ ಬಟ್ಟೆಯದೇ ಆದರೂ ಅದನ್ನು ನಿಲ್ಲಿಸುವುದು ಬಿಗಿತ, ಬಾಗು ಮತ್ತು ನೀರು ಇಳಿಯುವ ದಾರಿ. ಈ ಮೂರನ್ನು ಸರಿಮಾಡಿಕೊಂಡರೆ ಸಾಧಾರಣ ರೆಕ್ಸಿನ್ ಕೂಡ ವರ್ಷಗಟ್ಟಲೆ ಬಾಳುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ವಿದೇಶದಿಂದ ತರಿಸಿದ ಬಟ್ಟೆಯೂ ಮೊದಲ ಮಳೆಗೇ ಜೋತುಬೀಳುತ್ತದೆ.

ಪೆಟ್ಟಿಗೆಯಲ್ಲಿ ಬರುವ ಕಾರು

ಕಾರಿನ ಚೌಕಟ್ಟು, ಮೈ, ಚಕ್ರ, ಎಂಜಿನ್ ಎಲ್ಲವನ್ನೂ ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವುದು ಬ್ರಿಟನ್ನಿನಲ್ಲಿ ಹಳೆಯ ಹವ್ಯಾಸ. ಕಾಲಿನ್ ಚಾಪ್‌ಮನ್ ರೂಪಿಸಿದ ಲೋಟಸ್ ಸೆವೆನ್ 1957ರಲ್ಲಿ ಬಂತು. ಪೂರ್ತಿ ತಯಾರಾದ ಕಾರಿಗೆ ಅಲ್ಲಿ ಖರೀದಿ ತೆರಿಗೆ ಇತ್ತು, ಬಿಡಿ ಭಾಗಗಳ ಕಿಟ್ಟಿಗೆ ಇರಲಿಲ್ಲ. ಹಾಗಾಗಿ ಸ್ಪ್ಯಾನರ್ ಹಿಡಿಯಲು ಬರುವವರೆಲ್ಲ ಕಿಟ್ ಕೊಂಡರು. 1973ರಲ್ಲಿ ಲೋಟಸ್‌ನಿಂದ ಹಕ್ಕು ಪಡೆದ ಕೇಟರ್‌ಹ್ಯಾಮ್ ಕಂಪನಿ ಅದೇ ವಿನ್ಯಾಸವನ್ನು ಇಂದಿಗೂ ಮುಂದುವರಿಸಿದೆ. ಈ ಕಾರಿಗೆ ಚಾವಣಿ ಎಂದರೆ ಒಂದೆರಡು ಕಮಾನು, ಅದರ ಮೇಲೊಂದು ಬಟ್ಟೆ, ಅಂಚಿಗೆ ಸಾಲಾಗಿ ಟಿಚ್ ಬಟನ್, ಅಷ್ಟೇ.

ನಮ್ಮಲ್ಲಿ ಕಿಟ್ ಕಾರಿನ ಪೇಟೆ ಬೆಳೆಯಲಿಲ್ಲ. ಆದರೆ ಭಾರತದ ರಸ್ತೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರಾದ ತೆರೆದ ಗಾಡಿ ಬಂದದ್ದೇ ಕಿಟ್ ರೂಪದಲ್ಲಿ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಬಿಡಿ ಭಾಗಗಳಾಗಿ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಮಲೆನಾಡಿನ ಅಡಿಕೆ ತೋಟ, ಕೊಡಗಿನ ಕಾಫಿ ತೋಟಗಳಲ್ಲಿ ಇಂದಿಗೂ ಏರು ಹತ್ತುವ ಜೀಪುಗಳ ವಂಶಾವಳಿ ಅಲ್ಲಿಂದ ಶುರು. 1985ರಲ್ಲಿ ಮಾರುತಿ ಜಿಪ್ಸಿ ಬಂತು, 2010ರಲ್ಲಿ ಥಾರ್. 2020ರ ಹೊಸ ಥಾರ್‌ನಲ್ಲೂ ಬಟ್ಟೆಯ ಟಾಪಿನ ಬಗೆಯನ್ನು ಕಂಪನಿ ಬಿಡಲಿಲ್ಲ. 1990ರ ದಶಕದ ಕೊನೆಗೆ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಫೈಬರ್ ಮೈಯ ಪುಟ್ಟ ಕಾರಿಗೂ ಬಟ್ಟೆಯ ಚಾವಣಿಯೇ ಇತ್ತು.

ಬೆಂಗಳೂರಿಗೂ ಕೈಯಲ್ಲಿ ಕಾರು ಕಟ್ಟುವ ಅಭ್ಯಾಸ ಹೊಸದಲ್ಲ. ಸಿಪಾನಿ ಕಂಪನಿ 1980ರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಫೈಬರ್ ಮೈಯ ಡಾಲ್ಫಿನ್ ಆಗಿ ಇಲ್ಲಿಯೇ ತಯಾರಿಸಿತು. ಮೂಡಲಪಾಳ್ಯದಿಂದ ಕೆಂಗೇರಿಯ ದಿಕ್ಕಿಗೆ ಹೋದರೆ ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜು ಸಿಗುತ್ತದೆ. ಅಲ್ಲಿನ ವಿದ್ಯಾರ್ಥಿಗಳ ಅಶ್ವ ರೇಸಿಂಗ್ ತಂಡ ಪೈಪಿನ ಚೌಕಟ್ಟಿನಿಂದ ಹಿಡಿದು ತೆರೆದ ರೇಸ್ ಕಾರನ್ನು ತಾನೇ ಕಟ್ಟಿ ಸ್ಪರ್ಧೆಗೆ ಒಯ್ಯುತ್ತ ಬಂದಿದೆ. ಇಂಥ ಗಾಡಿಗೆ ಓಡುವಾಗ ಚಾವಣಿ ಬೇಡ. ನಿಂತಾಗ, ಲಾರಿಯ ಮೇಲೆ ಸಾಗಿಸುವಾಗ ಹೊದಿಕೆ ಬೇಕೇ ಬೇಕು.

ಇಲ್ಲಿಯೇ ಒಂದು ಮಾತು ಸ್ಪಷ್ಟವಾಗಬೇಕು. ನಿಂತ ಗಾಡಿಗೆ ಹೊದಿಸುವ ಹೊದಿಕೆ ಬೇರೆ, ಓಡುವ ಗಾಡಿಯ ಚಾವಣಿ ಬೇರೆ. ಮೊದಲನೆಯದಕ್ಕೆ ಮಳೆ ಮತ್ತು ಬಿಸಿಲು ಎರಡೇ ಶತ್ರು. ಎರಡನೆಯದಕ್ಕೆ ಗಾಳಿಯೂ ಸೇರುತ್ತದೆ. ಗಾಳಿ ಸೇರಿದೊಡನೆ ಲೆಕ್ಕವೇ ಬದಲಾಗುತ್ತದೆ.

ನೀರಿನ ತೂಕ, ಗಾಳಿಯ ಎಳೆತ

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಅದು ಹದವಾಗಿ ಹಂಚಿ ಬೀಳುವ ಮಳೆಯಲ್ಲ. 1988ರ ಸೆಪ್ಟೆಂಬರ್ 12ರಂದು ಒಂದೇ ದಿನ 177 ಮಿ.ಮೀ. ಸುರಿದಿತ್ತು, 2022ರ ಸೆಪ್ಟೆಂಬರ್ ಮೊದಲ ವಾರದ ರಾತ್ರಿಯೊಂದರಲ್ಲಿ 131 ಮಿ.ಮೀ. ದಾಟಿತು. ಒಂದು ಚದರ ಮೀಟರ್ ಬಟ್ಟೆಯ ಮೇಲೆ ಕೇವಲ 10 ಮಿ.ಮೀ. ನೀರು ನಿಂತರೆ ಅದು 10 ಲೀಟರ್, ಅಂದರೆ 10 ಕಿಲೋ. ಬಟ್ಟೆ ಆ ಭಾರಕ್ಕೆ ಸ್ವಲ್ಪ ಜಗ್ಗುತ್ತದೆ, ಜಗ್ಗಿದ ಕಡೆಗೆ ಇನ್ನಷ್ಟು ನೀರು ಹರಿದು ಬರುತ್ತದೆ, ಮತ್ತೆ ಜಗ್ಗುತ್ತದೆ. ಶಾಮಿಯಾನದ ನಡುವೆ ನೀರು ತುಂಬಿ, ಅಡುಗೆಯವರು ಕೋಲಿನಿಂದ ಅದನ್ನು ಮೇಲಕ್ಕೆ ತಳ್ಳುವುದನ್ನು ಮದುವೆ ಮನೆಗಳಲ್ಲಿ ಎಲ್ಲರೂ ಕಂಡಿದ್ದೇವೆ. ಸಮತಟ್ಟಾದ ಬಟ್ಟೆಗೆ ಈ ಗತಿ ತಪ್ಪಿದ್ದಲ್ಲ. ಆದ್ದರಿಂದ ಚಾವಣಿಯ ಯಾವ ಭಾಗವೂ ಮಟ್ಟಸವಾಗಿ ಇರಬಾರದು. ಪ್ರತಿ ಹನಿಗೂ ಯಾವುದಾದರೂ ಒಂದು ಅಂಚಿಗೆ ಇಳಿಯುವ ದಾರಿ ಇರಬೇಕು.

ಗಾಳಿಯದು ಇದಕ್ಕೆ ವಿರುದ್ಧ ದಿಕ್ಕಿನ ಕೆಲಸ. ಗಾಡಿ ಓಡುವಾಗ ಚಾವಣಿಯ ಮೇಲೆ ಗಾಳಿ ವೇಗವಾಗಿ ಹರಿದು ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಒಳಗಿನ ಗಾಳಿ ಬಟ್ಟೆಯನ್ನು ಮೇಲಕ್ಕೆ ನೂಕುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 15 ಕಿಲೋ ಭಾರಕ್ಕೆ ಸಮ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಊರೊಳಗೆ ಸುಮ್ಮನಿದ್ದ ಟಾಪು ತುಮಕೂರು ರಸ್ತೆಯ ಮೇಲ್ಸೇತುವೆ ಹತ್ತಿದೊಡನೆ ಪಟಪಟ ಬಡಿಯತೊಡಗುವುದು ಇದೇ ಕಾರಣಕ್ಕೆ. ಹೀಗೆ ಬಡಿದುಕೊಳ್ಳುವ ಬಟ್ಟೆ ಹರಿಯುವುದು ನಡುವಿನಲ್ಲಲ್ಲ. ಬಟನ್ ಇರುವಲ್ಲಿ, ಹೊಲಿಗೆ ಇರುವಲ್ಲಿ.

ಮೂರನೆಯದು ಬಿಸಿಲು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಆದರೆ ಬಟ್ಟೆಗೆ ಸೆಕೆಗಿಂತ ಹೆಚ್ಚಾಗಿ ಹಾನಿ ಮಾಡುವುದು ಬಿಸಿಲಿನ ಅತಿನೇರಳೆ ಕಿರಣ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನಮ್ಮ ಊರಿನಲ್ಲಿ ಹವೆ ತಂಪೆನಿಸಿದರೂ ಈ ಕಿರಣಗಳಿಗೆ ಕೊರತೆಯಿಲ್ಲ. ಬಣ್ಣ ಮಾಸುವುದು ಅದರ ಮೊದಲ ಗುರುತು, ದಾರ ಪುಡಿಯಾಗುವುದು ಕೊನೆಯದು.

ಯಾವ ಬಟ್ಟೆ?

ಹಳೆಯ ಜೀಪುಗಳ ಟಾಪು ಹತ್ತಿಯ ದಪ್ಪ ಕ್ಯಾನ್ವಾಸಿನದು. ಅದರ ಗುಣ ವಿಶೇಷ: ನೆನೆದೊಡನೆ ನೂಲು ಉಬ್ಬಿ ಎಳೆಗಳ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಸಂದು ತೆರೆದು ಒಳಗೆ ಗಾಳಿಯಾಡುತ್ತದೆ. ಮೇಣ ಹಚ್ಚಿದರೆ ನೀರು ಇನ್ನೂ ಚೆನ್ನಾಗಿ ಜಾರುತ್ತದೆ. ಕೊರತೆಗಳೂ ಉಂಟು. ನೆನೆದರೆ ಭಾರ, ಮಡಿಸಿಟ್ಟರೆ ಬೂಷ್ಟು, ಮೊದಲೆರಡು ಮಳೆಗೆ ಕುಗ್ಗುವ ಸ್ವಭಾವ. ಮಳೆಗಾಲದಲ್ಲಿ ವಾರಗಟ್ಟಲೆ ಒಣಗದ ಮಲೆನಾಡಿನಲ್ಲಿ ಕ್ಯಾನ್ವಾಸ್ ಕೊಳೆಯುವುದು ಬೇಗ.

ಆಟೋಗಳಿಗೆ, ಲಾರಿ ಟಾರ್ಪಾಲಿಗೆ ಈಗ ಬಳಕೆಯಲ್ಲಿರುವುದು ಪಾಲಿಯೆಸ್ಟರ್ ನೇಯ್ಗೆಯ ಮೇಲೆ ಪಿವಿಸಿ ಲೇಪಿಸಿದ ಬಟ್ಟೆ. ಅಂಗಡಿಯಲ್ಲಿ ದಪ್ಪ ರೆಕ್ಸಿನ್ ಎಂದೇ ಕೇಳುತ್ತಾರೆ. ಬಲ ಕೊಡುವುದು ಒಳಗಿನ ನೇಯ್ಗೆ, ನೀರು ತಡೆಯುವುದು ಮೇಲಿನ ಲೇಪ. ಕೊಳ್ಳುವಾಗ ಅಂಚಿನಲ್ಲಿ ಒಂದು ಎಳೆ ಬಿಡಿಸಿ ನೋಡಬೇಕು. ಒಳಗೆ ನೇಯ್ಗೆ ಒತ್ತಾಗಿದ್ದು, ಲೇಪ ಉಗುರಿಗೆ ಸುಲಿಯದಿದ್ದರೆ ಮಾಲು ಸರಿಯಿದೆ. ಸೋಫಾ, ಸೀಟಿಗೆ ಹಾಕುವ ತೆಳು ರೆಕ್ಸಿನ್ನಿಗೆ ಹಿಂಬದಿಯಲ್ಲಿ ಮೆತ್ತನೆಯ ಹೆಣಿಗೆ ಬಟ್ಟೆ ಇರುತ್ತದೆ. ಅದು ಎಳೆದತ್ತ ಹಿಗ್ಗುತ್ತದೆ, ಚಾವಣಿಗೆ ಆಗಿಬರುವುದಿಲ್ಲ. ಕಟ್ಟಡ ಕೆಲಸದವರು ಬಳಸುವ ನೀಲಿ ಪ್ಲಾಸ್ಟಿಕ್ ಟಾರ್ಪಾಲು ಅಗ್ಗ, ಹಗುರ. ಆದರೆ ಸೂಜಿ ತಾಗಿದಲ್ಲೆಲ್ಲ ಸೀಳು ಬಿಡುವ ಅದು ತಾತ್ಕಾಲಿಕ ಹೊದಿಕೆಗೆ ಸರಿ, ಹೊಲಿಗೆಗೆ ಅಲ್ಲ.

ಬೆಲೆ ಹೆಚ್ಚಾದರೂ ಬಾಳಿಕೆ ಬೇಕು ಎನ್ನುವವರಿಗೆ ಅಕ್ರಿಲಿಕ್ ಕ್ಯಾನ್ವಾಸ್ ಇದೆ. ಇದರಲ್ಲಿ ಬಣ್ಣವನ್ನು ನೂಲು ತೆಗೆಯುವ ಮೊದಲೇ ಕಚ್ಚಾ ದ್ರಾವಣಕ್ಕೆ ಬೆರೆಸಿರುತ್ತಾರೆ. ಹಾಗಾಗಿ ಬಣ್ಣ ಮೇಲ್ಮೈಯಲ್ಲಿ ಮಾತ್ರವಲ್ಲ, ಎಳೆಯ ಒಳಗೂ ಇರುತ್ತದೆ, ಬೇಗ ಮಾಸುವುದಿಲ್ಲ. ದೊಡ್ಡ ಕಂಪನಿಗಳ ಕನ್ವರ್ಟಿಬಲ್ ಕಾರುಗಳ ಚಾವಣಿ ಮೂರು ಪದರದ್ದು: ಮೇಲೆ ಅಕ್ರಿಲಿಕ್, ನಡುವೆ ರಬ್ಬರು, ಒಳಗೆ ಹತ್ತಿ ಅಥವಾ ಪಾಲಿಯೆಸ್ಟರ್. ಮನೆಯ ಕೆಲಸಕ್ಕೆ ಅಷ್ಟು ಬೇಕಾಗದು. ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಅಂಗಡಿಗಳಲ್ಲಿ ಸಿಗುವ ಒಳ್ಳೆಯ ಟಾಪ್ ರೆಕ್ಸಿನ್ ಬೆಂಗಳೂರಿನ ಹವೆಗೆ ಸಾಕು.

ಕಮಾನು ಮೊದಲು, ಬಟ್ಟೆ ಆಮೇಲೆ

ಬಿದಿರಿನ ತಟ್ಟಿಯನ್ನು ಬಾಗಿಸಿ ಕಟ್ಟುತ್ತಿದ್ದ ಕಮಾನು ಗಾಡಿಗಳ ಕಾಲದಿಂದ ಈ ಕ್ರಮ ಬದಲಾಗಿಲ್ಲ. ಎರಡು ಕಮಾನುಗಳ ನಡುವೆ ಬಟ್ಟೆಯನ್ನು ಉದ್ದಕ್ಕೂ ಎಳೆದಾಗ ಅದು ಅಡ್ಡಕ್ಕೆ ಮೇಲಕ್ಕೆ ಬಾಗುತ್ತದೆ, ಉದ್ದಕ್ಕೆ ತುಸು ಕೆಳಕ್ಕೆ ಬಾಗುತ್ತದೆ. ಎರಡು ದಿಕ್ಕಿಗೆ ಎರಡು ಬಗೆಯ ಈ ಬಾಗು ಬಟ್ಟೆಗೆ ಗಟ್ಟಿತನ ಕೊಡುತ್ತದೆ: ನೀರಿನ ಭಾರವನ್ನು ಒಂದು ದಿಕ್ಕಿನ ಎಳೆ ಹೊರುತ್ತದೆ, ಗಾಳಿಯ ಎಳೆತವನ್ನು ಇನ್ನೊಂದು ದಿಕ್ಕಿನ ಎಳೆ ತಡೆಯುತ್ತದೆ. 1972ರ ಮ್ಯೂನಿಕ್ ಒಲಿಂಪಿಕ್ಸ್ ಕ್ರೀಡಾಂಗಣದ ಚಾವಣಿಯನ್ನು ರೂಪಿಸಲು ನೆರವಾದ ಜರ್ಮನಿಯ ವಾಸ್ತುಶಿಲ್ಪಿ ಫ್ರೈ ಒಟ್ಟೊ ಜೀವಮಾನವಿಡೀ ಬೆನ್ನುಹತ್ತಿದ್ದು ಇದೇ ಬಾಗನ್ನು. ಆಟೋದ ಟಾಪಿನಲ್ಲಿ ಅದು ಸದ್ದಿಲ್ಲದೆ ಕೂತಿದೆ.

ಕಮಾನುಗಳ ನಡುವಿನ ಅಂತರ ಹೆಚ್ಚಾದಷ್ಟೂ ಬಟ್ಟೆ ಜೋಲುತ್ತದೆ. ಎರಡು ಸೀಟಿನ ಗಾಡಿಗೆ ಮುಂದಿನ ಗಾಜಿನ ಚೌಕಟ್ಟು, ತಲೆಯ ಮೇಲೊಂದು ಕಮಾನು, ಸೀಟಿನ ಹಿಂದೆ ಇನ್ನೊಂದು, ಇಷ್ಟಿದ್ದರೆ ಸಾಕು. ತಲೆಯ ಮೇಲಿನ ಕಮಾನು ಮಿಕ್ಕವಕ್ಕಿಂತ ಎತ್ತರದಲ್ಲಿರಲಿ. ಆಗ ನೀರು ಮುಂದಕ್ಕೂ ಹಿಂದಕ್ಕೂ ಇಳಿಯುತ್ತದೆ. ಪೈಪನ್ನು ಕೈಯಲ್ಲಿ ಬಾಗಿಸಲು ಹೋದರೆ ಬಾಗಿದಲ್ಲಿ ಚಪ್ಪಟೆಯಾಗುತ್ತದೆ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಯ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ಪೈಪ್ ಬಾಗಿಸುವ ಯಂತ್ರವಿರುತ್ತದೆ. ಅಳತೆಯ ತಂತಿಯೊಂದನ್ನು ಬಾಗಿಸಿ ಕೊಟ್ಟರೆ ಅದೇ ಆಕಾರಕ್ಕೆ ಮಾಡಿಕೊಡುತ್ತಾರೆ. ಬಟ್ಟೆ ತಾಗುವ ಕಡೆಯಲ್ಲೆಲ್ಲ ಬೆಸುಗೆಯ ಗಂಟುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಬಣ್ಣ ಹೊಡೆದು, ಮೇಲೆ ತೆಳು ಸ್ಪಂಜಿನ ಪಟ್ಟಿ ಸುತ್ತಬೇಕು. ಇದನ್ನು ಬಿಟ್ಟರೆ ಒಳಗಿನಿಂದಲೇ ಬಟ್ಟೆ ಸವೆದು ತೂತಾಗುತ್ತದೆ.

ಅಳತೆಯ ಹಳೆಯ ಬೆಡ್‌ಶೀಟು

ಮನೆಯಲ್ಲೇ ಮಾಡಬಹುದಾದ, ಮಾಡಲೇಬೇಕಾದ ಕೆಲಸ ಅಳತೆಯದು. ಟೇಪು ಹಿಡಿದು ಉದ್ದಗಲ ಬರೆದುಕೊಂಡರೆ ಸಾಲದು, ಏಕೆಂದರೆ ಬಾಗಿದ ಮೈಗೆ ಉದ್ದಗಲದ ಲೆಕ್ಕ ಹೊಂದುವುದಿಲ್ಲ. ಹಿಗ್ಗದ ಹಳೆಯ ಹತ್ತಿ ಬೆಡ್‌ಶೀಟು ಅಥವಾ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಮಾನುಗಳ ಮೇಲೆ ಹೊದಿಸಿ ಮಾಸ್ಕಿಂಗ್ ಟೇಪಿನಿಂದ ಅಂಟಿಸಬೇಕು. ಗಾಜಿನ ಚೌಕಟ್ಟಿನ ನಡುಮಧ್ಯದಿಂದ ಹಿಂದಿನ ಅಂಚಿನ ನಡುಮಧ್ಯಕ್ಕೆ ಒಂದು ಗೆರೆ ಎಳೆಯಬೇಕು. ಇದೇ ಇಡೀ ಕೆಲಸದ ಬೆನ್ನೆಲುಬು. ಆಮೇಲೆ ಅರ್ಧ ಭಾಗಕ್ಕೆ ಮಾತ್ರ ಅಳತೆ ತೆಗೆದು, ಇನ್ನರ್ಧವನ್ನು ಅದರ ಮೇಲೆಯೇ ಮಡಿಸಿ ಕತ್ತರಿಸಬೇಕು. ಎರಡೂ ಬದಿಯನ್ನು ಬೇರೆಬೇರೆ ಅಳೆದರೆ ಟಾಪು ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಹಳೆಯ ಗಾಡಿಯ ಎರಡು ಬದಿ ಸಮ ಇಲ್ಲವೆಂದು ಅನುಮಾನವಿದ್ದರೆ ಮಾತ್ರ ಕತ್ತರಿಸಿದ ಅಳತೆಯನ್ನು ಇನ್ನೊಂದು ಬದಿಗೂ ಇಟ್ಟು ನೋಡಿಕೊಳ್ಳುವುದು ಒಳ್ಳೆಯದು.

ಬೆಡ್‌ಶೀಟು ಸುಕ್ಕುಗಟ್ಟುವ ಜಾಗವೇ ಹೊಲಿಗೆ ಬರಬೇಕಾದ ಜಾಗ. ಅಲ್ಲಿ ಬಟ್ಟೆಯನ್ನು ಚಿವುಟಿ, ಸೂಜಿ ಚುಚ್ಚಿ, ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಸಾಧಾರಣ ಚಾವಣಿಗೆ ನಡುವಿನ ಒಂದು ಉದ್ದ ತುಂಡು, ಎರಡು ಪಕ್ಕದ ತುಂಡು, ಹಿಂದಿನ ಒಂದು ತುಂಡು, ಒಟ್ಟು ನಾಲ್ಕು ಸಾಕಾಗುತ್ತವೆ. ಒಂದೊಂದು ತುಂಡಿನ ಮೇಲೂ ಮುಂದು, ಹಿಂದು, ಎಡ, ಬಲ ಎಂದು ಬರೆದು, ಜೋಡಿಸುವ ಅಂಚುಗಳಿಗೆ ಎದುರುಬದುರು ಕಚ್ಚು ಹಾಕಿದರೆ ಹೊಲಿಯುವವರಿಗೆ ಗೊಂದಲವಿಲ್ಲ. ಹೊಲಿಗೆಗೆಂದು ಸುತ್ತ ಎರಡು ಸೆಂಟಿಮೀಟರ್, ಮಡಚಿ ಬಟನ್ ಹಾಕುವ ಅಂಚಿಗೆ ನಾಲ್ಕೈದು ಸೆಂಟಿಮೀಟರ್ ಹೆಚ್ಚುವರಿ ಬಿಡಬೇಕು.

ತುಂಡುಗಳನ್ನು ರೆಕ್ಸಿನ್ ಮೇಲೆ ಇಡುವಾಗ ನೇಯ್ಗೆಯ ದಿಕ್ಕು ನೋಡಬೇಕು. ಹಾಸಿನ ಮತ್ತು ಹೊಕ್ಕಿನ ನೇರದಲ್ಲಿ ಬಟ್ಟೆ ಹಿಗ್ಗುವುದಿಲ್ಲ, ಓರೆಯಲ್ಲಿ ಹಿಗ್ಗುತ್ತದೆ. ನಡುವಿನ ತುಂಡು ಗಾಡಿಯ ಉದ್ದಕ್ಕೆ ನೇರವಾಗಿಯೇ ಬರಬೇಕು. ಬಟ್ಟೆ ಉಳಿಸಲೆಂದು ಓರೆಯಾಗಿ ಕತ್ತರಿಸಿದರೆ ಉಳಿದದ್ದು ಅರ್ಧ ಮೀಟರ್, ಹೋದದ್ದು ಇಡೀ ಟಾಪು.

ಮಷಿನ್ ಮುಂದೆ

ಇಲ್ಲಿಂದ ಮುಂದಿನ ಕೆಲಸಕ್ಕೆ ಮನೆಯ ಹೊಲಿಗೆ ಯಂತ್ರ ಸಾಲದು. ರವಿಕೆ ಹೊಲಿಯುವ ಮಷಿನ್ನಿನಲ್ಲಿ ನಾಲ್ಕು ಪದರ ರೆಕ್ಸಿನ್ ತೂರಿಸಿದರೆ ಸೂಜಿ ಮುರಿಯುತ್ತದೆ, ಇಲ್ಲವೇ ಮೇಲಿನ ಪದರ ಅಂಟಿಕೊಂಡು ನಿಂತು ಕೆಳಗಿನದು ಮಾತ್ರ ಸರಿಯುತ್ತದೆ. ಟಾಪು ಹೊಲಿಯುವವರ ಬಳಿ ಇರುವ ದಪ್ಪ ಮಷಿನ್ನಿನಲ್ಲಿ ಮೇಲೊತ್ತುವ ಕಾಲೂ ಹೆಜ್ಜೆ ಹಾಕುತ್ತ ಬಟ್ಟೆಯನ್ನು ಮುಂದೆ ತಳ್ಳುತ್ತದೆ. ಎರಡೂ ಪದರ ಒಟ್ಟಿಗೆ ನಡೆಯುತ್ತವೆ.

ಮೂಡಲಪಾಳ್ಯದ ಅಡ್ಡರಸ್ತೆಯೊಂದರ ಆಟೋ ಕುಷನ್ ಅಂಗಡಿಯಲ್ಲಿ ಈ ಕೆಲಸ ಫುಟ್‌ಪಾತಿನಲ್ಲೇ ನಡೆಯುತ್ತದೆ. ಆಟೋವನ್ನು ಓರೆಯಾಗಿ ನಿಲ್ಲಿಸಿ ಹಳೆಯ ಟಾಪು ಬಿಚ್ಚುತ್ತಾರೆ. ಬತ್ತಲೆ ಪೈಪುಗಳ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜುವುದು ಹುಡುಗನ ಪಾಲು. ಮೇಸ್ತ್ರಿ ಹಳೆಯ ಟಾಪಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿ, ತುಂಡುಗಳನ್ನು ಹೊಸ ಹಳದಿ ರೆಕ್ಸಿನ್ ಮೇಲೆ ಹರಡಿ, ಸೀಮೆಸುಣ್ಣದ ಗೆರೆಯನ್ನು ಹಳೆಯ ಅಂಚಿಗಿಂತ ಒಳಗೆ ಎಳೆಯುತ್ತಾರೆ. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ ತಲೆ ಎತ್ತದೆಯೇ ಹೇಳಿದರು: ‘ಹಳೇ ಟಾಪು ಜಗ್ಗಿರುತ್ತೆ ಸಾರ್. ಅದೇ ಅಳತೆಗೆ ಕತ್ತರಿಸಿದ್ರೆ ಹೊಸದೂ ಜೋಲು ಬೀಳುತ್ತೆ. ಒಂದು ಬೆರಳು ಕಮ್ಮಿ ಹಿಡೀಬೇಕು.’

‘ಜಾಸ್ತಿ ಕಮ್ಮಿ ಆಗಿ ಹೊಂದದೇ ಹೋದ್ರೆ?’ ಎಂದರೆ, ‘ಮಧ್ಯಾಹ್ನ ಬಿಸಿಲಲ್ಲಿ ಒಂದು ಗಂಟೆ ಇಡಿ ಸಾರ್, ತಾನೇ ಬಗ್ಗುತ್ತೆ. ಬೆಳಿಗ್ಗೆ ಚಳೀಲಿ ಎಳೀಬೇಡಿ, ಹೊಲಿಗೆ ಬಾಯಿ ಬಿಡುತ್ತೆ’ ಎಂದರು.

ಆ ಒಂದು ಬೆರಳಿನಲ್ಲಿಯೇ ಟಾಪಿನ ಬಿಗಿತ ಇದೆ. ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ, ಚಳಿಗೆ ಕುಗ್ಗಿ ಗಟ್ಟಿಯಾಗುತ್ತದೆ. ನಡುಮಧ್ಯಾಹ್ನ ಎಳೆದು ಎಳೆದು ಬಟನ್ ಕೂರಿಸಿದರೆ ಡಿಸೆಂಬರಿನ ಬೆಳಿಗ್ಗೆ ಆ ಬಟನ್ ಹಾಕಲಾಗದು. ಚಳಿಯಲ್ಲಿ ಸಡಿಲವಾಗಿ ಕೂರಿಸಿದರೆ ಮಧ್ಯಾಹ್ನ ಸುಕ್ಕು ಬೀಳುತ್ತದೆ. ಬಟ್ಟೆ ಬೆಚ್ಚಗಿರುವಾಗ, ಸುಕ್ಕು ಮಾಯವಾಗುವಷ್ಟೇ ಎಳೆದು ನಿಲ್ಲಿಸುವುದು ಸರಿಯಾದ ಹದ.

ಹೊಲಿಗೆಯದೂ ಒಂದು ಧರ್ಮವಿದೆ. ಎರಡು ತುಂಡು ಸೇರುವಲ್ಲಿ ಮೇಲಿನ ತುಂಡು ಕೆಳಗಿನದನ್ನು ಮುಚ್ಚಬೇಕು, ಮುಂದಿನ ತುಂಡು ಹಿಂದಿನದನ್ನು ಮುಚ್ಚಬೇಕು. ಮಂಗಳೂರು ಹೆಂಚು ಹೊದಿಸಿದ ಹಾಗೆ. ಆಗ ಇಳಿಯುವ ನೀರೂ ಎದುರು ಬೀಸುವ ಗಾಳಿಯೂ ಸಂದಿಗೆ ನುಗ್ಗದೆ ಜಾರಿ ಹೋಗುತ್ತವೆ. ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಹಾಕಿದರೆ ಬಲ ಹೆಚ್ಚು. ಹೊಲಿಗೆ ಒತ್ತಾಗಿದ್ದಷ್ಟೂ ಗಟ್ಟಿ ಎಂಬುದು ಲೇಪದ ಬಟ್ಟೆಯ ಮಟ್ಟಿಗೆ ಸುಳ್ಳು. ತೂತುಗಳು ಹತ್ತಿರವಾದಂತೆ ಬಟ್ಟೆ ಆ ಸಾಲಿನಲ್ಲೇ ಹರಿಯುತ್ತದೆ. ನಾಲ್ಕು ಮಿಲಿಮೀಟರ್ ಉದ್ದದ ಹೊಲಿಗೆ ಸಾಕು. ರೆಕ್ಸಿನ್ನಿನಲ್ಲಿ ಒಮ್ಮೆ ಬಿದ್ದ ತೂತು ಮುಚ್ಚುವುದಿಲ್ಲವಾದ್ದರಿಂದ ಬಿಚ್ಚಿ ಹೊಲಿಯುವ ಅವಕಾಶವೂ ಇಲ್ಲ. ಗುಂಡುಸೂಜಿಯನ್ನೂ ಹೊಲಿಗೆಯ ಅಂಚಿನೊಳಗೆ ಮಾತ್ರ ಚುಚ್ಚಬೇಕು, ಇಲ್ಲವೇ ಕ್ಲಿಪ್ಪು ಹಾಕಬೇಕು.

ದಾರ ಪಾಲಿಯೆಸ್ಟರಿನದೇ ಆಗಬೇಕು. ಹತ್ತಿಯ ದಾರ ನೆನೆದು ಉಬ್ಬಿ ತೂತನ್ನೇನೋ ಮುಚ್ಚುತ್ತದೆ, ಆದರೆ ಕೊಳೆಯುತ್ತದೆ. ನೈಲಾನ್ ಬಲವಾದದ್ದೇ, ಆದರೆ ನೆನೆದರೆ ಹಿಗ್ಗುತ್ತದೆ, ಬಿಸಿಲಿಗೆ ಬೇಗ ಸೋಲುತ್ತದೆ. ಹೊಲಿದಾದ ಮೇಲೆ ಒಳಬದಿಯಿಂದ ಹೊಲಿಗೆಯ ಸಾಲಿಗೆ ಪಿವಿಸಿ ಪಟ್ಟಿ ಅಂಟಿಸಿದರೆ ಸೂಜಿ ತೂತಿನಿಂದ ತೊಟ್ಟಿಕ್ಕುವುದು ನಿಲ್ಲುತ್ತದೆ.

ಬಟನ್, ಕುಣಿಕೆ, ಕಿಟಕಿ

ಕೂರಿಸುವ ಕ್ರಮ ಹೀಗಿರಲಿ: ಮೊದಲು ಮುಂದಿನ ಅಂಚನ್ನು ನಡುಮಧ್ಯದಿಂದ ಎರಡೂ ಮೂಲೆಗೆ, ಆಮೇಲೆ ಹಿಂದಿನ ಅಂಚನ್ನು ಹಾಗೆಯೇ ನಡುವಿನಿಂದ ಹೊರಕ್ಕೆ, ಕೊನೆಗೆ ಪಕ್ಕಗಳು. ಮೂಲೆಯಿಂದ ಶುರು ಮಾಡಿದರೆ ಸುಕ್ಕೆಲ್ಲ ನಡುವಿಗೆ ಬಂದು ನಿಲ್ಲುತ್ತದೆ. ಮುಂದಿನ ಅಂಚಿಗೆ ಗಾಳಿಯ ಹೊಡೆತ ಹೆಚ್ಚು. ಅಲ್ಲಿ ಬಟನ್ ಮಾತ್ರ ನೆಚ್ಚದೆ, ಅಲ್ಯೂಮಿನಿಯಂ ಪಟ್ಟಿಯೊಳಗೆ ಬಟ್ಟೆಯ ಅಂಚನ್ನು ಸಿಕ್ಕಿಸಿ ಸ್ಕ್ರೂ ಬಿಗಿಯುವುದು ಲೇಸು. ಪಕ್ಕಗಳಿಗೆ ಟಿಚ್ ಬಟನ್ ಸಾಕು. ಹಿಂದೆ, ಎಳೆತ ಹೆಚ್ಚಿರುವ ಕಡೆ, ತಿರುಗಿಸುವ ಬಟನ್ ಅಥವಾ ಬಕಲಿನ ಪಟ್ಟಿ ಒಳ್ಳೆಯದು. ಬಟ್ಟೆ ಮುಂದೆ ಸ್ವಲ್ಪ ಜಗ್ಗಿದಾಗ ಮತ್ತೆ ಬಿಗಿಮಾಡಿಕೊಳ್ಳಬಹುದು. ಪ್ರತಿ ಬಟನ್ನಿನ ಅಡಿಗೂ ಇನ್ನೊಂದು ಪದರ ಬಟ್ಟೆ ಇಟ್ಟು ಹೊಲಿದಿರಬೇಕು. ಕುಣಿಕೆಗೆ ಹಾಕುವ ಬಳೆ ಹಿತ್ತಾಳೆಯದಾಗಿರಲಿ, ಕಬ್ಬಿಣದ್ದು ತುಕ್ಕು ಹಿಡಿದು ಬಟ್ಟೆಗೂ ಕಲೆ ಮಾಡುತ್ತದೆ.

ಹಿಂದಿನ ತುಂಡಿಗೆ ಪಾರದರ್ಶಕ ಪಿವಿಸಿ ಹಾಳೆಯ ಕಿಟಕಿ ಬೇಕು. ಅದನ್ನು ಮೊದಲೇ ಕತ್ತರಿಸಿದ ತೂತಿಗೆ ಹೊಲಿಯುವ ಬದಲು, ಇಡೀ ರೆಕ್ಸಿನ್ ಮೇಲೆ ಹಾಳೆಯನ್ನು ಇಟ್ಟು ಸುತ್ತಲೂ ಹೊಲಿದು, ಆಮೇಲೆ ಹಿಂದಿನ ರೆಕ್ಸಿನ್ ಕತ್ತರಿಸಿ ತೆಗೆಯುವುದು ಕಸುಬುದಾರರ ಜಾಣ್ಮೆ. ಹಾಗೆ ಮಾಡಿದರೆ ಕಿಟಕಿ ಸೊಟ್ಟಗಾಗುವುದಿಲ್ಲ. ಈ ಹಾಳೆಯನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ, ಥಿನ್ನರ್ ಅಥವಾ ಪೆಟ್ರೋಲ್ ತಾಗಿದರೆ ಮಬ್ಬಾಗುತ್ತದೆ, ಚಳಿಯಲ್ಲಿ ಮಡಚಿದರೆ ಬಿರುಕು ಬಿಡುತ್ತದೆ. ಟಾಪು ಮಡಚುವಾಗ ಕಿಟಕಿಯ ಮೇಲೊಂದು ಮೆತ್ತನೆ ಬಟ್ಟೆ ಇಟ್ಟೇ ಮಡಚಬೇಕು. ಪಕ್ಕಗಳಿಗೆ ಆಟೋದವರ ಉಪಾಯವೇ ಸಾಕು: ಮೇಲೆ ಸುತ್ತಿ ಕಟ್ಟಿಡುವ ಪರದೆ, ಮಳೆ ಬಂದಾಗ ಬಿಚ್ಚಿ ಇಳಿಬಿಡುವುದು.

ಕಾನೂನಿನ ಅಂಚು

ಹೊದಿಕೆ ನಿಮ್ಮ ಇಷ್ಟ, ಗಾಡಿಯ ರೂಪ ನಿಮ್ಮ ಇಷ್ಟವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಚಿತಪಡಿಸಿತು. ಕಂಪನಿಯಿಂದಲೇ ಬಟ್ಟೆಯ ಟಾಪಿನೊಂದಿಗೆ ಬಂದ ಜೀಪಿಗೆ ಸವೆದ ಟಾಪು ತೆಗೆದು ಅಂಥದ್ದೇ ಹೊಸದು ಹಾಕಿಸುವುದು ರಿಪೇರಿ. ಗಟ್ಟಿ ಚಾವಣಿಯ ಕಾರನ್ನು ಕೊಯ್ದು ಬಟ್ಟೆ ಹೊದಿಸುವುದು ಅಪರಾಧ. ಗ್ಯಾರೇಜಿನಲ್ಲಿ ಜೋಡಿಸಿದ ಕಾರಂತೂ ಮಾನ್ಯ ಪರೀಕ್ಷಾ ಸಂಸ್ಥೆಯ ಅನುಮೋದನೆ ಇಲ್ಲದೆ ನೋಂದಣಿಯಾಗುವುದಿಲ್ಲ. ಅದರ ಜಾಗ ಖಾಸಗಿ ಅಂಗಳ ಅಥವಾ ರೇಸ್ ಟ್ರ್ಯಾಕ್. ಇನ್ನೊಂದು ಎಚ್ಚರಿಕೆ: ಬಟ್ಟೆಯ ಚಾವಣಿ ಮಳೆ ಬಿಸಿಲಿಗೆ ಮಾತ್ರ. ಗಾಡಿ ಮಗುಚಿದರೆ ಅದೂ, ಅದನ್ನು ಹೊತ್ತ ತೆಳು ಪೈಪೂ ತಲೆ ಕಾಯುವುದಿಲ್ಲ. ಸೈಲೆನ್ಸರಿನ ಹತ್ತಿರಕ್ಕೆ ಬಟ್ಟೆಯ ತುದಿ ಇಳಿಯದಂತೆಯೂ ನೋಡಿಕೊಳ್ಳಬೇಕು.

ಕಸುಬಿಗೆ ಕೂಲಿ

ವಿದ್ಯುತ್ ಆಟೋಗಳ ಕಾಲ ಬಂದಿದೆ. 2018ರಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಮಹೀಂದ್ರ ಟ್ರಿಯೊದಲ್ಲಿ ಬಟ್ಟೆಯ ಟಾಪಿನದೂ ಉಂಟು, ಗಟ್ಟಿ ಟಾಪಿನದೂ ಉಂಟು. ಗಟ್ಟಿ ಟಾಪು ಹೆಚ್ಚಾದಷ್ಟೂ ಟಾಪು ಹೊಲಿಯುವವರಿಗೆ ಕೆಲಸ ಕಡಿಮೆಯಾಗುತ್ತದೆ. ಬಾಗಿದ ಮೈಗೆ ಬಟ್ಟೆ ಕತ್ತರಿಸುವ ಈ ಜ್ಞಾನವನ್ನು ಯಾವ ಐಟಿಐ ಪುಸ್ತಕದಿಂದಲೂ ಕಲಿತು ಮುಗಿಸಲಾಗದು. ಅ‌ದು ಬರುವುದು ಮೇಸ್ತ್ರಿಯ ಪಕ್ಕದಲ್ಲಿ ಉಪ್ಪುಕಾಗದ ಉಜ್ಜುತ್ತ ನಿಂತ ಹುಡುಗನಿಗೆ.

ಆದ್ದರಿಂದ ತೆರೆದ ಗಾಡಿ ಇಟ್ಟುಕೊಂಡವರಿಗೆ ಒಂದು ಸಲಹೆ. ಕಮಾನು ನೀವೇ ಯೋಜಿಸಿ, ಬೆಡ್‌ಶೀಟಿನ ಅಳತೆ ನೀವೇ ತೆಗೆಯಿರಿ, ಬಟನ್ ಕೂಡ ನೀವೇ ಕೂರಿಸಿ. ಈ ಕೆಲಸಗಳಿಗೆ ಬೇಕಾದ್ದು ತಾಳ್ಮೆ. ಕತ್ತರಿಸಿ ಹೊಲಿಯುವುದನ್ನು ಮಾತ್ರ ಬಡಾವಣೆಯ ಕುಷನ್ ಅಂಗಡಿಗೆ ಬಿಡಿ, ಅವರು ಹೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ. ಮೇ ತಿಂಗಳ ಮಳೆ ಶುರುವಾದ ಮೇಲೆ ಆಟೋದವರೆಲ್ಲ ಅಲ್ಲಿ ಸಾಲು ನಿಲ್ಲುತ್ತಾರೆ. ನೀವು ಮಾರ್ಚಿಗೇ ಹೋಗಿ.